ಕುಣಿ ಮಗ್ಗದ ಓದುಗರು

೨ ಸಪ್ಟೆಂಬರ ೧೯೫೬, ರವಿವಾರ

ನಿನ್ನೆಗೆ ನಲವತ್ತೈದು ತುಂಬಿತು. ಗದಿಗೆವ್ವ ಹೋಳಿಗೆ ಮಾಡಿದ್ದಳು. ಹೆಂಡತಿಯ ಆ ಉಪಕಾರವನ್ನು ಮೊದಲು ಬರೆದಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ತಕರಾರು.

ಇಂದು ವಾಚನಾಲಯದ ಕಮಿಟಿ ಕೂಡಿತ್ತು. ದಿಲ್ಲಿಯಲ್ಲಿ ಕಾಯ್ದೆ ಪಾಸಾಗಿದೆ, ನವೆಂಬರ ಒಂದಕ್ಕೆ ಕನ್ನಡ ನಾಡು ಒಂದಾಗುತ್ತದೆ, ಅಂದು ನಮ್ಮ ಬೆಟಗೇರಿ ವಾಚನಾಲಯಕ್ಕೆ ಹೊಸ ಬೋರ್ಡು. ಇಷ್ಟರವರೆಗೆ ಎಲ್ಲ ಸರಿಯಿತ್ತು. ಆಮೇಲೆ ಅಧ್ಯಕ್ಷ ಚನ್ನಬಸವಣ್ಣನವರ ಕಣ್ಣು ಹೊಸ ಪುಸ್ತಕಗಳ ಕಪಾಟಿನ ಮೇಲೆ ಬಿತ್ತು. ಅವರದು ಅರಳೆ ವ್ಯಾಪಾರ. ಮಾಲು ಎಷ್ಟು ಮೆತ್ತಗೋ ನಾಲಗೆ ಅಷ್ಟು ಬಿರುಸು.

"ಉಳವಪ್ಪ ಮಾಸ್ತರ, ಇವು ಯಾರ ಪುಸ್ತಕರೀ? ಒಬ್ಬನ ಹೆಸರರೆ ಕೇಳೇವೇನು ನಾವು?"

"ಕೇಳಿಲ್ಲರಿ. ಅದಕ್ಕ ತರಿಸೇನ್ರಿ."

"ಭೇಷ್! ನಾಳೆ ಜಡ್ಡು ಬಂದ್ರ ಹೆಸರು ಕೇಳದ ಡಾಕ್ಟರನ್ನ ಕರಸ್ರಿ ಮತ್ತ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಳಿಗ್ಗೆ ಸಂಜೆ ವಾಚನಾಲಯದ ಕೀಲಿಕೈ ಇಟ್ಟುಕೊಂಡ ಶಾಲಾ ಮಾಸ್ತರ ಅಧ್ಯಕ್ಷರ ಹಾಸ್ಯಕ್ಕೆ ನಗಲೇಬೇಕು. ಕೊನೆಗೆ ಠರಾವು ಆಯಿತು: ನವೆಂಬರ ಒಂದರೊಳಗೆ ಯಾವ ಹೊಸ ಪುಸ್ತಕಕ್ಕೆ ಎರವಲಿನ ವಹಿಯಲ್ಲಿ ಹತ್ತು ಮಂದಿ ಓದುಗರ ಗುರುತು ಇರುವುದಿಲ್ಲವೋ ಅದು ರದ್ದಿಗೆ. ಮುಂದೆ ಹೆಸರಾದವರ ಪುಸ್ತಕ ಮಾತ್ರ.

ಕಪಾಟು ದೊಡ್ಡದು, ಪುಸ್ತಕ ನಾಲ್ಕೇ. ಶಿರಹಟ್ಟಿ ಕಡೆಯ ಶಾಲಾ ಮಾಸ್ತರ ಕಳಕಪ್ಪನವರ ಕಾದಂಬರಿ 'ಎರಡು ಊರಿನ ಬಾವಿ'. ಆ ಬಾವಿಯ ಅರ್ಧ ಸಾಂಗ್ಲಿ ಸಂಸ್ಥಾನದ್ದು, ಅರ್ಧ ಇಂಗ್ಲಿಷರದ್ದು. ಮುಂಡರಗಿಯ ಯಂಕಪ್ಪಜ್ಜನ ನೆನಪುಗಳು, 'ಗೆಜ್ಜೆ ಕಟ್ಟಿದ ಟಪಾಲು'. ಅಜ್ಜ ಟಪಾಲಿನ ಚೀಲ ಹೊತ್ತು ಓಡಿದವನು. ಅಕ್ಷರ ಬಾರದು, ಮೊಮ್ಮಗಳಿಗೆ ಹೇಳಿ ಬರೆಸಿದ್ದು. ಮೂರನೆಯದು 'ಸಿಟ್ಟು ಗೆಲ್ಲುವ ಸೂತ್ರ', ಲಕ್ಷ್ಮೇಶ್ವರದ ಕೋರ್ಟಿನಲ್ಲಿ ಮೂವತ್ತು ವರ್ಷ ಕಾರಕೂನಿಕೆ ಮಾಡಿ ಸಿಟ್ಟಿನ ಫಲವನ್ನೆಲ್ಲ ನಕಲು ಬರೆದವರದು. ಸಿಟ್ಟು ಬಂದಾಗ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿಗೆ ಒಂದೊಂದಾಗಿ ಒತ್ತಿ, ನಮ್ಮ ಜೋಡಿ ಉಂಡ ನಾಲ್ಕು ಮಂದಿಯನ್ನು ನೆನೆಯಬೇಕಂತೆ.

ನಾಲ್ಕನೆಯದು ಬೆಟಗೇರಿಯದೇ, 'ಹುರಿಗಾಳು ಹರಟೆ', ನಗೆಯ ಪುಸ್ತಕ. ಬರೆದವರು 'ಕುಚೇಷ್ಟಪ್ಪ'. ಕುಚೇಷ್ಟಪ್ಪ ಯಾರೆಂದು ಜಗತ್ತಿನಲ್ಲಿ ಗದಿಗೆವ್ವನಿಗೆ ಒಬ್ಬಳಿಗೇ ಗೊತ್ತು. ಮಂಚದ ಕೆಳಗೆ ಅದರ ಇನ್ನೂರ ಎಂಬತ್ತು ಪ್ರತಿ ಇರುವುದರಿಂದ ಅವಳಿಗೆ ಕಸ ಹೊಡೆಯಲು ಬರುತ್ತಿಲ್ಲ.

ಕಪಾಟಿನ ಬಾಗಿಲು ತೆರೆದೈತಿ,
ಓದುವವರ ಕಾಲು ಮರೆತೈತಿ.

೧೧ ಸಪ್ಟೆಂಬರ, ಮಂಗಳವಾರ

ವಹಿ ತೆಗೆದು ನೋಡಿದೆ. 'ಬಾವಿ'ಯನ್ನು ಆಗಸ್ಟಿನಲ್ಲಿ ನೇಕಾರ ಹುಲಗಪ್ಪ ಒಯ್ದವನು ತಂದಿಲ್ಲ. 'ಟಪಾಲು' ಬಣ್ಣಗಾರ ರಹಮಾನಸಾಬನ ಮನೆಗೆ ಹೋದದ್ದು ಅಲ್ಲಿಯೇ ಬಿಡಾರ ಹೂಡಿದೆ. ನಿಯಮ ಹದಿನಾಲ್ಕು ದಿನ. ಹನ್ನೆರಡು ವರ್ಷದಿಂದ ವಾಪಸ್ ತರುವ ದಿನವನ್ನು ಕೆಂಪು ಶಾಯಿಯಲ್ಲಿ ನಾನೇ ಬರೆಯುತ್ತೇನೆ. ಒಂದು ದಿನ ತಪ್ಪಿದರೂ ನೋಟೀಸು. ಇಬ್ಬರಿಗೂ ಕಳಿಸಿದೆ.

ಆ ಎರಡು ಪುಸ್ತಕಕ್ಕೆ ಒಂದೊಂದೇ ಗುರುತು, ಸಿಟ್ಟಿನದಕ್ಕೆ ಒಂದೂ ಇಲ್ಲ. ಹುರಿಗಾಳಿಗೂ ಇಲ್ಲ. ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತೇನೆ. ಇಟ್ಟಲ್ಲೇ ಇದೆ, ಶಿಸ್ತಿನ ಪುಸ್ತಕ.

ಸಂಜೆ ಅಧ್ಯಕ್ಷರ ಹೆಂಡತಿ ಗುರುಸಿದ್ದವ್ವನವರು ಸೆರಗು ಮುಂದಕ್ಕೆ ಎಳೆದುಕೊಂಡು ಬಂದರು. "ಮಾಸ್ತರ, ಆ ಸಿಟ್ಟಿನ ಪುಸ್ತಕ ಐತಲ್ಲ, ಅದನ್ನ ಕೊಡ್ರಿ. ನಮ್ಮವರ ಮುಂದ ಹೇಳಬ್ಯಾಡ್ರಿ ಮತ್ತ."

"ನಿಮಗ್ಯಾಕವ್ವಾ? ನಿಮಗೆಲ್ಲೈತಿ ಸಿಟ್ಟು?"

"ನನಗಲ್ಲರೀ. ಗಾದಿ ಕೆಳಗ ಇಡತೀನಿ. ಚುಚ್ಚಿದ್ರ ತಾವಾ ತಗೀತಾರ."

ಸಹಿ ಒಂದು ಗಿಟ್ಟಿತು. ಅವರ ಹೊಟ್ಟೆ ತಣ್ಣಗಿರಲಿ.

ನೋಟೀಸು ಬರೆದೆ ನಾಲ್ಕು ಸಾಲು,
ಓದುವವರಿಲ್ಲ, ಅದೂ ನನ್ನ ಪಾಲು.

೧೯ ಸಪ್ಟೆಂಬರ, ಬುಧವಾರ

ಶಿರಹಟ್ಟಿ ಬಸ್ಸಿನಿಂದ ಕಳಕಪ್ಪನವರು ಇಳಿದು ಬಂದರು. ಅವರನ್ನು ನೋಡಿದ್ದು ಇದೇ ಮೊದಲು. ಒಗೆದು ಒಗೆದು ತೆಳುವಾದ ಅಂಗಿ, ಕೈಯಲ್ಲಿ ಛತ್ರಿ. ಬಂದ ಕೆಲಸ ಹೇಳಲು ನಾಚಿಕೊಂಡು ಮಳೆ, ಬೆಳೆ, ಬಸ್ಸಿನ ಧೂಳು ಎಲ್ಲ ಮುಗಿಸಿದರು. ಆಮೇಲೆ ಖಾಲಿ ಜಾಗ ಕಂಡು, "ಬಾವಿ ಹೊರಗ ಹೋಗೇತೇನ್ರಿ?" ಎಂದರು.

"ಹೋಗೇತ್ರಿ."

"ಓದ್ಯಾರೇನ್ರಿ ಮತ್ತ?"

ನಾನು ಬಿ.ಎ. ಓದಿದವನು, ಕನ್ನಡದಲ್ಲಿ ಸುಳ್ಳಿಗೆ ಎಷ್ಟು ಪರ್ಯಾಯ ಪದಗಳಿವೆಯೆಂದು ಬಲ್ಲೆ. ಆದರೂ ನೇರವಾಗಿ ಸುಳ್ಳೇ ಹೇಳಿದೆ: "ಕೈಯಿಂದ ಕೈಗೆ ಹೊಂಟೈತ್ರಿ. ಮರಳಿ ಕಪಾಟಿಗೆ ಬರವಲ್ದು."

ಅವರ ಮುಖ ನೋಡಬೇಕಿತ್ತು. ನಾನು ತರಿಸಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು. "ನಮ್ಮ ಊರಾಗ ಒಬ್ಬರೂ ಓದಿಲ್ರಿ. ನನ್ನ ತಮ್ಮ ಮಾತ್ರ ಪುಟ ಎಷ್ಟ ಅದಾವ ಅಂತ ಕೇಳಿದ" ಎಂದರು.

ರದ್ದಿಯ ಠರಾವನ್ನು ಮುಚ್ಚಿಟ್ಟೆ. ಬಸ್ಸಿನ ತನಕ ಕಳಿಸಿ ಬಂದೆ.

ಸುಳ್ಳಿಗೆ ಸಕ್ಕರೆ, ಚಹಾಕ್ಕೆ ಬೆಲ್ಲ,
ಕುಡಿದ ಕಳಕಪ್ಪಗೆ ಗೊತ್ತೇ ಇಲ್ಲ.

೪ ಅಕ್ಟೋಬರ, ಗುರುವಾರ

ಎರಡನೆಯ ನೋಟೀಸು. ಉತ್ತರವಿಲ್ಲ. ಹುರಿಗಾಳು ಇಟ್ಟಲ್ಲೇ. ತಲೆನೋವು.

೧೩ ಅಕ್ಟೋಬರ, ಶನಿವಾರ, ಆಯುಧ ಪೂಜೆ

ಇಂದಿನದನ್ನು ಪೂರ್ತಿ ಬರೆಯಬೇಕು.

ಶಾಲೆಗೆ ರಜೆ. ಪುಸ್ತಕವನ್ನು ಕೈಯಾರೆ ಕಸಿದು ತರುವುದೆಂದು ಹೊರಟೆ. ಗದಿಗೆವ್ವ ಬಾಗಿಲಲ್ಲಿ ತಡೆದಳು. "ಹಬ್ಬದ ದಿನ ಮಂದಿ ಮನಿಗೆ ಜಗಳಾಡಾಕ ಹೊಂಟೀರೇನ್ರಿ? ಆ ಸಿಟ್ಟಿನ ಪುಸ್ತಕ ಮೊದ್ಲ ನಮ್ಮ ಮನಿಗೆ ತರಬೇಕಿತ್ತು."

ಹುಲಗಪ್ಪನ ಮಗ್ಗದ ಮನೆಯಲ್ಲಿ ನಾಲ್ಕು ಕುಣಿ ಮಗ್ಗ. ನೇಯುವವರು ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂಡುತ್ತಾರೆ. ಇಂದು ಎಲ್ಲ ಸ್ತಬ್ಧ. ಲಾಳಿ, ರಾಟಿ, ಕತ್ತರಿ ತೊಳೆದು ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿದ್ದರು. ಆ ಸಾಲಿನಲ್ಲಿ, ಲಾಳಿಗೂ ಕತ್ತರಿಗೂ ನಡುವೆ, ಹಣೆಗೆ ಕುಂಕುಮ ಇಟ್ಟುಕೊಂಡು, ವಾಚನಾಲಯದ ಮುದ್ರೆ ಹೊತ್ತು, ಕಳಕಪ್ಪನವರ ಬಾವಿ ಕುಳಿತಿತ್ತು!

"ಹುಲಗಪ್ಪ, ಇದು ನನ್ನ ಪುಸ್ತಕ."

"ಹೌದ್ರಿ ಮಾಸ್ತರ. ಕುಂಡ್ರಿ. ಇವತ್ತ ಮುಟ್ಟೂಹಂಗಿಲ್ರಿ."

"ಮುಟ್ಟೂಹಂಗಿಲ್ಲ ಅಂದ್ರ?"

"ಪೂಜಿಗೆ ಇಟ್ಟ ಆಯುಧ ಅವತ್ತ ಕೆಲಸಕ್ಕ ಎತ್ತತಾರೇನ್ರಿ? ನೀವು ತಿಳಿದವರು."

"ಪುಸ್ತಕ ಹೆಂಗ ಆಯುಧ ಆತೋ?"

ಅವನ ಹೆಂಡತಿ ಉಡಚವ್ವ ಚುರುಮುರಿ ತಟ್ಟೆ ನನ್ನ ಮುಂದಿಟ್ಟಳು. "ದಿನಾ ದುಡಿಮಿಗೆ ಹಚ್ಚೇವಲ್ರಿ, ಮತ್ತ ಆಯುಧನ" ಎಂದಳು.

ಆಗ ತಿಳಿಯಿತು. ಉಡಚವ್ವ ಕನ್ನಡ ನಾಲ್ಕನೇ ಇಯತ್ತೆ ಕಲಿತವಳು. ಅವಳ ಪಾಲಿನ ಕಂಡಿಕೆಯನ್ನು, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿಯನ್ನು, ಉಳಿದ ಹೆಂಗಸರು ಹಂಚಿಕೊಂಡು ಸುತ್ತುತ್ತಾರೆ. ಆ ಹೊತ್ತಿನಲ್ಲಿ ಅವಳು ನಡುವಿನ ಕಂಬಕ್ಕೆ ಒರಗಿ, ನಾಲ್ಕು ಮಗ್ಗದ ಸಪ್ಪಳಕ್ಕೂ ಮೇಲಾಗಿ ಓದುತ್ತಾಳೆ. ನೇಯುವವರು, ಸುತ್ತುವವರು, ನೆರೆಯವರು ಸೇರಿ ಹದಿನೇಳು ಮಂದಿ. ಬಾವಿ ಈಗ ಮೂರನೆಯ ಸಲ ನಡೆದಿದೆಯಂತೆ.

"ಯಾರ ಬರದಾರ್ರಿ ಇದನ್ನ?" ಹುಲಗಪ್ಪ ಕೇಳಿದ. "ಅವರ ಮ್ಯಾಲೆ ನಂದೊಂದು ತಕರಾರೈತಿ. ಆ ಸೊಸಿ ಗಡಿ ದಾಟಿ ನೀರಿಗೆ ಬಂದಾಗ ಕೊಡ ಕಸಗೋತಾರಲ್ಲ, ಆ ಅಧ್ಯಾಯಕ್ಕ ಎಲ್ಲಾರೂ ಮಗ್ಗ ನಿಂದರಸ್ತಾರ್ರಿ. ಮೂರು ಸಲಕ್ಕ ಆರು ಮೊಳ ಸೀರಿ ಖೋತಾ."

"ನೋಟೀಸು ಕಳಿಸಿದ್ನಲ್ಲೋ ನಾ?"

"ಮುಟ್ಟೇತ್ರಿ. ಅದನ್ನೂ ಓದಿಸಿದ್ವಿ. ಅಷ್ಟು ಸೊಗಸಿಲ್ರಿ."

ಕುಂಕುಮ ಹಚ್ಚಿಸಿಕೊಂಡು, ಚುರುಮುರಿ ತಿಂದು, ಬರಿಗೈಯಲ್ಲಿ ಬಂದೆ. ದಾರಿಯಲ್ಲಿ ನಗು ತಡೆಯಲಾಗಲಿಲ್ಲ. ಕಳಕಪ್ಪನವರಿಗೆ ನಾನು ಸುಳ್ಳು ಹೇಳಿರಲಿಲ್ಲ! ಸತ್ಯವನ್ನು ಸ್ವಲ್ಪ ಮುಂಗಡ ಹೇಳಿದ್ದೆ ಅಷ್ಟೇ.

೧೪ ಅಕ್ಟೋಬರ, ರವಿವಾರ

ಬನ್ನಿ ಕೊಡಲು ರಹಮಾನಸಾಬನ ಮನೆಗೂ ಹೋದೆ. "ಬಂಗಾರ ತಗೊಂಡು ಬಂಗಾರದಂಗ ಇರೂಣ" ಎಂದು ಎಲೆ ಕೊಟ್ಟರೆ, ನೀಲಿ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಅವನ ಬಣ್ಣದ ಒಲೆಯ ಸುತ್ತಲೂ ಇದೇ ಕಥೆ. ಅವನು ಓದುತ್ತಾನೆ, ಹೆಂಡತಿ ಶಮಶಾದಬಿ ಮತ್ತು ಹನ್ನೆರಡು ಮಂದಿ ನೂಲು ಅದ್ದುತ್ತ ಕೇಳುತ್ತಾರೆ. ಟಪಾಲಿನ ನಲವತ್ತನೇ ಪುಟದ ಮೇಲೆ ನೀಲಿ ಬೆರಳಿನ ಗುರುತು. ಪುಟ ಕೆಡಿಸಿದರೆ ದಂಡವಿದೆ. ಹೇಳುವುದು ನೆನಪಾಗಲಿಲ್ಲ.

೧೮ ಅಕ್ಟೋಬರ, ಗುರುವಾರ

ಸಂಜೆ ಮಗ್ಗದ ಮನೆಯ ಮುಂದಿನಿಂದ ಹಾಯ್ದು ಬಂದೆ. ನನ್ನ ದಾರಿ ಅದಲ್ಲ. ಉಡಚವ್ವನ ಗಂಟಲು ಕೂತಿದೆ. ಓದು ನಿಂತು ಮೂರು ದಿನವಾಯಿತು. "ಮಗ್ಗ ಭಣ ಭಣ ಅಂತಾವ್ರಿ" ಎಂದ ಹುಲಗಪ್ಪ. ರವಿವಾರ ನಾನೇ ಓದುತ್ತೇನೆ ಎಂದು ಬಾಯಿ ಬಿಟ್ಟೆ. ಮನೆಯಲ್ಲಿ ಗದಿಗೆವ್ವ ಕೇಳಿ ನನ್ನ ಮುಖವನ್ನೇ ನೋಡಿದಳು. "ಯಾವ ಪುಸ್ತಕ ಒಯ್ಯಾವ್ರು?" ಎಂದಳು. ನಾನು ಮಂಚದ ಕಡೆ ನೋಡಲಿಲ್ಲ. ಅವಳು ನೋಡಿದಳು.

೨೧ ಅಕ್ಟೋಬರ, ರವಿವಾರ

ಒಯ್ದೆ. ಹುರಿಗಾಳು ಒಯ್ದೆ.

ಕಂಬಕ್ಕೆ ಒರಗಿ ಕೂತೆ. ನಾಲ್ಕು ಮಗ್ಗ ಒಂದೇ ತಾಳದಲ್ಲಿ ಹೊರಟಿದ್ದವು. ಎಡಗಾಲು ತುಳಿದು ಲಾಳಿ ಬಿಟ್ಟು, ಬಲಗಾಲು ತುಳಿದು ಲಾಳಿ ಬಿಟ್ಟು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: "ಸಂತೆಗೆ ಹೋದ ಶಾಂತಪ್ಪ, ಚಿಂತೆಗೆ ಬಿದ್ದ ಕಾಂತಪ್ಪ, ಕಂತೆಯ ಹೊತ್ತ ಅಂತಪ್ಪ..."

ಟಪ್ಪೆಂದು ಒಂದು ಎಳೆ ಹರಿಯಿತು. ಹುಲಗಪ್ಪನ ಅಳಿಯ ಹೇಮಪ್ಪನ ಮಗ್ಗ. ಅವನು ಮಗ್ಗಕ್ಕೆ ಹೊಸಬ, ಹೋಗಲಿ ಎಂದುಕೊಂಡು ಮುಂದೆ ಓದಿದೆ. ಮತ್ತೊಂದು ಹರಿಯಿತು. ಮೂರನೆಯ ಪುಟಕ್ಕೆ ಹುಲಗಪ್ಪನದೇ ಹರಿಯಿತು. ಇಪ್ಪತ್ತು ವರ್ಷ ನೇಯ್ದ ನೇಕಾರ.

"ಮಾಸ್ತರ, ತಡೀರಿ ತಡೀರಿ! ಇದ್ಯಾರ್ದರಿ ಪುಸ್ತಕ?"

"ಯಾರೋ ಕುಚೇಷ್ಟಪ್ಪ ಅಂತ."

"ಹೆಸರಿಗೆ ತಕ್ಕಂಗ ಬರದಾನ. ಮಗ್ಗಕ್ಕ ತಂದೊಂದು ತಾಳ ಇರತೈತ್ರಿ. ಇಂವಾ ಸಾಲಿಗೊಮ್ಮೆ ಕೊನಿಗೆ ಟಪ್ ಟಪ್ ಅಂತ ಬಡೀತಾನ. ಕಾಲು ಆ ಕಡಿ ಹೋಗಿಬಿಡತೈತಿ."

ಉಡಚವ್ವ ಕೂತ ಗಂಟಲಿನಲ್ಲೇ ಹೇಳಿದಳು: "ಪಾಪ, ಬುದ್ಧಿವಂತ ಅದಾನ್ರಿ. ಆದರ ಮಾತು ಹೇಳಾಕ ಬಂದವರಂಗಿಲ್ಲ, ತನ್ನ ಅಂಗಿ ತೋರಸಾಕ ಬಂದವರಂಗ ಅದಾನ."

ನಾಲ್ಕು ವರ್ಷ ಬರೆದ ಪುಸ್ತಕಕ್ಕೆ ಸಿಕ್ಕ ಮೊದಲನೆಯ ವಿಮರ್ಶೆ. ಪತ್ರಿಕೆಗಳಿಗೆ ಹದಿನೆಂಟು ಪ್ರತಿ ಕಳಿಸಿದ್ದೆ, ಯಾರೂ ಒಂದು ಸಾಲು ಬರೆದಿರಲಿಲ್ಲ. ಇವರು ಎಳೆ ಹರಿಸಿಕೊಂಡು, ಕೆಲಸ ನಿಲ್ಲಿಸಿ, ಮುಖ ನೋಡಿ ಹೇಳಿದರು. ಪುಸ್ತಕ ಮುಚ್ಚಿ ಬಾವಿ ತೆಗೆದೆ. ಮಗ್ಗ ಮತ್ತೆ ತಾಳಕ್ಕೆ ಬಂದವು. ಕೊಡದ ಅಧ್ಯಾಯಕ್ಕೆ ಬರುವ ಹೊತ್ತಿಗೆ ಒಂದೊಂದಾಗಿ ನಿಂತವು. ನಾನೂ ನಿಲ್ಲಿಸಬೇಕಾಯಿತು, ಅಕ್ಷರ ಮಸುಕಾಗಿತ್ತು.

ಏಳುವಾಗ ಉಡಚವ್ವ ಕೇಳಿದಳು, "ರದ್ದಿಗೆ ಹಾಕ್ತಾರಂತಲ್ರಿ ಇದನ್ನ? ಹತ್ತು ಸಹಿ ಬೇಕಂತ. ನಾವು ಹದಿನೇಳು ಮಂದಿ ಅದೀವಲ್ಲ, ನಿಮ್ಮ ವಹ್ಯಾಗ ಕೇಳಿದವರಿಗೆ ಜಾಗಾ ಇಲ್ಲೇನ್ರಿ?"

ಹನ್ನೆರಡು ವರ್ಷ ಆ ವಹಿಗೆ ಗೆರೆ ಹೊಡೆದವನು ನಾನು. ಆ ಕಾಲಂ ಎಳೆಯುವುದು ಹೊಳೆದಿರಲಿಲ್ಲ.

೨೮ ಅಕ್ಟೋಬರ, ರವಿವಾರ

ವಹಿ ಹೊತ್ತು ಹೋದೆ. ಹದಿನೇಳರಲ್ಲಿ ಸಹಿ ಬರುವವರು ಮೂವರು, ಉಳಿದವರದು ಹೆಬ್ಬೆಟ್ಟು. ರಹಮಾನಸಾಬನಲ್ಲಿ ಶಾಯಿಯೇ ಬೇಕಾಗಲಿಲ್ಲ. ಹೆಬ್ಬೆರಳು ಮೊದಲೇ ನೀಲಿ. ವಹಿಯ ಆ ಪುಟವನ್ನು ಎಷ್ಟು ಸಲ ತೆರೆದು ನೋಡಿದೆನೋ.

ಕಳಕಪ್ಪನವರಿಗೆ ಕಾರ್ಡು ಹಾಕಿದ್ದೆ, ಬಂದಿದ್ದರು. ಯಾರೆಂದು ಹೇಳಬೇಡಿ ಎಂದು ಕೈ ಹಿಡಿದುಕೊಂಡರು. ಉಡಚವ್ವನ ಗಂಟಲು ಬಿಟ್ಟಿತ್ತು, ಓದು ನಡೆದಿತ್ತು. ಅವರು ಬಾಗಿಲಲ್ಲೇ ನಿಂತುಬಿಟ್ಟರು. ಅವಳು ಪುಟದಿಂದ ತಲೆ ಎತ್ತಿ ಬೈದಳು:

"ಯಾರ್ರಿ ಅವ್ರು? ಬಾಗಲದಾಗ ನಿಂದರಬ್ಯಾಡ್ರಿ. ಬೆಳಕು ಬಿಡ್ರಿ, ನಮ್ಮ ಪುಸ್ತಕ ಕಾಣವಲ್ದು!"

ಅವರು ಸರಕ್ಕನೆ ಬದಿಗೆ ಸರಿದು ಗೋಡೆಗೆ ಆತುಕೊಂಡರು. "ನಮ್ಮ ಪುಸ್ತಕ ಅಂದ್ಳು, ಕೇಳಿದ್ರೇನ್ರಿ?" ಎಂದು ನನ್ನ ಕಿವಿಯಲ್ಲಿ ಹೇಳಿದರು. ಬಸ್ಸು ತಪ್ಪಿಸಿಕೊಂಡು ಅಧ್ಯಾಯ ಮುಗಿಯುವ ತನಕ ಕೇಳಿದರು. ಸಂಜೆ ನಮ್ಮಲ್ಲೇ ಉಂಡರು. ಗದಿಗೆವ್ವನ ರೊಟ್ಟಿಗೆ ಅವರು ಹೇಳಿದ ಧನ್ಯವಾದ ನಿಜವಾಗಿ ರೊಟ್ಟಿಯದಾಗಿರಲಿಲ್ಲ, ಅವಳಿಗೂ ಗೊತ್ತು.

೧ ನವೆಂಬರ ೧೯೫೬, ಗುರುವಾರ

ಬೆಳಿಗ್ಗೆ ಹೊಸ ಬೋರ್ಡು ಏರಿತು. ಶಿರಹಟ್ಟಿ ಸಾಂಗ್ಲಿಯದು, ಲಕ್ಷ್ಮೇಶ್ವರ ಮೀರಜಿನದು ಎನ್ನುವುದು ಮೊದಲೇ ಮುಗಿದಿತ್ತು, ನಾವು ಮುಂಬೈಯವರು ಎನ್ನುವುದೂ ಇಂದು ಮುಗಿಯಿತು. ಪೇಡೆ ಹಂಚಿ ಕಮಿಟಿ ಒಳಗೆ ಕೂತಿತು. ಮಗ್ಗದವರೂ ಬಣ್ಣದವರೂ ಬಾಗಿಲ ಹೊರಗೆ, ಬೆಳಕು ಬಿಟ್ಟು, ನಿಂತರು.

ಚನ್ನಬಸವಣ್ಣನವರು ವಹಿ ತೆರೆದರು. "ಇದೇನ್ರಿ ಮಾಸ್ತರ, ವಾಚನಾಲಯದ ವಹಿನೋ, ಹೊಲದ ಖರೀದಿ ಪತ್ರಾನೋ? ಹೆಬ್ಬೆಟ್ಟು ಒತ್ತಾವ್ರು ಓದುಗರೇನ್ರಿ?"

"ಕೇಳುಗರು ರಿ. ಠರಾವಿನಾಗ ಓದುಗರ ಗುರುತು ಅಂತೈತಿ, ಸಹಿ ಅಂತಿಲ್ಲ."

"ಬಾಯಿ ಬಡೀಬ್ಯಾಡ್ರಿ! ಓದಾಕ ಬಾರದವರು ಓದುಗರು ಹೆಂಗ ಆಗತಾರ?"

ಹೊರಗಿನಿಂದ ಶಮಶಾದಬಿ ಮುಂದೆ ಬಂದಳು. "ಸಾವ್ಕಾರ್ರ, ಹೊಳಿ ಬಂದಾಗ ಆ ಟಪಾಲಿನಜ್ಜ ಚೀಲ ತಲಿ ಮ್ಯಾಲೆ ಹೊತ್ತು ದಾಟತಾನ್ರಿ. ಆದರೂ ಕಾಗದ ತೊಯ್ತಾವ. ಒಂದೊಂದ ಕಾಗದ ಬಂಡೆಗಲ್ಲ ಮ್ಯಾಲೆ ಹರವಿ, ಗಾಳಿಗೆ ಹಾರಬಾರದಂತ ಒಂದೊಂದ ಕಲ್ಲು ಇಟ್ಟು, ಬಿಸಿಲಾಗ ಕಾಯ್ಕೋತ ಕೂಡತಾನ. ಯಾರ ಕಾಗದ, ಏನ ಬರದಾರ, ಒಂದೂ ಗೊತ್ತಿಲ್ಲ ಅಂವಗ. ಅಂವಗ ಓದಾಕ ಬರತಿದ್ದಿಲ್ರಿ. ಓದಾಕ ಬಾರದಾಂವ ಹೇಳಿದ್ದನ್ನ ಓದಾಕ ಬಾರದವರು ಕೇಳಿದ್ರ ಏನ ತಪ್ಪಾತ್ರಿ?"

ಅಧ್ಯಕ್ಷರ ಮುಖ ಕೆಂಪಾಯಿತು. ಕಮಿಟಿಯವರು ಸಿಡಿಲಿಗೆ ಕಾದು ಕೂತರು. ಸಿಡಿಲು ಬರಲಿಲ್ಲ. ಅವರ ಬಲಗೈ ಮೇಜಿನ ಅಂಚಿಗೆ ಸರಿದು, ಹೆಬ್ಬೆರಳು ತೋರುಬೆರಳಿಗೆ ಒತ್ತಿತು. ಆಮೇಲೆ ನಡುಬೆರಳಿಗೆ. ಆಮೇಲೆ ಉಂಗುರ ಬೆರಳಿಗೆ. ಕಿರುಬೆರಳಿಗೆ ಬರುವ ಹೊತ್ತಿಗೆ ಮುಖ ತಿಳಿಯಾಗಿತ್ತು. ನಾನು ಗೋಡೆಯ ಮೇಲಿನ ಹೊಸ ಕ್ಯಾಲೆಂಡರು ನೋಡುತ್ತಿದ್ದೆ.

"ಬರಕೊಳ್ರಿ ಮಾಸ್ತರ" ಎಂದರು. "ಕೇಳಿದವರೂ ಓದುಗರು. ಬಾವಿ ಹದಿನೇಳು, ಟಪಾಲು ಹದಿನಾಲ್ಕು, ಇರಲಿ." ಪುಟ ತಿರುವಿ, ಹೆಂಡತಿಯ ಸಹಿ ಕಂಡು ವಹಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಈ ಸಿಟ್ಟಿನ ಪುಸ್ತಕಕ್ಕ ಒಂದ ಸಹಿ ಐತಿ. ಆದರ ನಮ್ಮ ಮನ್ಯಾಗ ಹನ್ನೊಂದು ಮಂದಿಗೆ ಅದರ ಫಾಯದೆ ಆಗೇತಿ ಅಂತಾರ. ಹನ್ನೊಂದು ಬರಕೊಳ್ರಿ."

ಉಳಿದದ್ದು ಹುರಿಗಾಳು. ವಹಿಯ ಆ ಪುಟ ತೊಳೆದ ಹಾಗೆ ಬೆಳ್ಳಗಿತ್ತು. "ಈ ಕುಚೇಷ್ಟಪ್ಪ ಯಾವನ್ರಿ?"

"ಈ ಊರವನ ರಿ. ಇನ್ನೂ ಕಲಿಯಾಕ ಹತ್ಯಾನ" ಎಂದು ನಾನೇ ಕಪಾಟಿನಿಂದ ತೆಗೆದು ರದ್ದಿಯ ಬುಟ್ಟಿಗೆ ಹಾಕಲು ಹೋದೆ. ನಿಯಮ ಎಂದರೆ ನಿಯಮ.

"ಏ ಮಾಸ್ತರ, ತಡೀರಿ!" ಹುಲಗಪ್ಪ ಚಪ್ಪಲಿ ಬಿಟ್ಟು ಒಳಗೇ ಬಂದ. "ಅದನ್ನ ನನಗ ಕೊಡ್ರಿ. ಹೇಮಪ್ಪಗ ಬೇಕು."

"ಎಳಿ ಹರಿತಾವ ಅಂದಿದ್ಯಲ್ಲೋ?"

"ಅದಕ್ಕ ಬೇಕ್ರಿ! ಮಗ್ಗ ಕಲ್ಯಾವ್ರಿಗೆ ಇದಕ್ಕಿಂತ ಚಲೋ ಪರೀಕ್ಷಾ ಎಲ್ಲಿ ಸಿಗತೈತಿ? ಉಡಚವ್ವ ಓದತಾಳ, ಅಂವ ನೇಯಬೇಕು. ಈ ಪುಸ್ತಕ ಪೂರ್ತಿ ಕೇಳಿ ಒಂದೂ ಎಳಿ ಹರೀಲಿಲ್ಲಂದ್ರ, ಅಂವಗ ನೇಕಾರ ಅಂತ ಮುಂಡಾಸ ಸುತ್ತೂದು. ನಿನ್ನಿ ಎಲ್ಲಾರೂ ಕೂಡಿ ಠರಾಯಿಸೇವಿ."

ಚನ್ನಬಸವಣ್ಣನವರೇ ಮೊದಲು ನಕ್ಕರು, ಆಮೇಲೆ ಕಮಿಟಿ, ಆಮೇಲೆ ಬಾಗಿಲ ಹೊರಗಿನವರು. ಹೆಂಗಸರ ಹಿಂದೆ ನಿಂತ ಗದಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಗೆಯ ಪುಸ್ತಕಕ್ಕೆ ಇಷ್ಟು ಜನ ನಕ್ಕದ್ದು ಇದೇ ಮೊದಲು.

"ಅವನು ಪಾಸಾಗಾಕ ಎಷ್ಟು ದಿನ ಹಿಡಿತೈತೋ?" ಎಂದು ಕೇಳಿದೆ.

"ಅದು ಬರದವನ ಕೈಯಾಗ ಐತ್ರಿ, ನಮ್ಮ ಕೈಯಾಗ ಏನೈತಿ?"

ಕೈ ಜೋಡಿಸಬೇಕೆನಿಸಿತು. ಜೋಡಿಸಿದರೆ ಗುಟ್ಟು ಹೊರಬೀಳುತ್ತಿತ್ತು. ವಹಿಯನ್ನು ಅವನ ಮುಂದೆ ಸರಿಸಿದೆ. ಹುಲಗಪ್ಪ ಆ ಬಿಳಿ ಪುಟದ ನಡುವೆ ಹೆಬ್ಬೆಟ್ಟು ಒತ್ತಿದ. ಪುಸ್ತಕದ ಹೆಸರು ಬರೆದೆ, ಒಯ್ದವನ ಹೆಸರು ಬರೆದೆ, ತಾರೀಖು ಬರೆದೆ. ವಾಪಸ್ ತರುವ ದಿನದ ಜಾಗವನ್ನು ಖಾಲಿ ಬಿಟ್ಟೆ.